ಉಸಿರು ನಿಂತ ಕಡೆ

“ಈ ಹುಡುಗಿ ಯಾರನ್ನ ಕಳಕೊಂಡಾಳೋ ಏನೋ?”

ಪಕ್ಕೀರವ್ವ ಯಾರನ್ನೂ ಕೇಳಿದ್ದಲ್ಲ. ಮಾತು ಬಾಯಿಂದ ತಾನಾಗಿ ಜಾರಿತ್ತು. ಆದರೂ ಗಂಡಸರ ಸಾಲಿನ ತುದಿಗೆ ಕೂತಿದ್ದ ಓಬಳೆಪ್ಪನಿಗೆ ಸುಮ್ಮನಿರಲಾಗಲಿಲ್ಲ. “ಗೆಜ್ಜಿ ಕಳಕೊಂಡಾಳ ಬೇ. ಅದಕ್ಕ ನೆಲಾ ನೋಡ್ಕೋತ ತಿರುಗ್ಯಾಡಾಕತ್ತಾಳ” ಎಂದ. ಸುತ್ತಲಿನವರು ನಕ್ಕರು.

ಯಲಬುರ್ಗಾದ ಜನ ಬಯಲಾಟ ಬಲ್ಲವರು. ಕಿರೀಟವಿಲ್ಲದೆ, ಮಾತಿಲ್ಲದೆ, ಗೆಜ್ಜೆಯೂ ಇಲ್ಲದೆ ಕುಣಿಯುವುದುಂಟೆಂದು ಅವರು ಕೇಳಿರಲಿಲ್ಲ. ಇಲ್ಲಿ ಅರಳೆ ಗೋದಾಮಿನ ಬರಿ ನೆಲದ ಮೇಲೆ ಪುಣೆ ಕಡೆಯ ಹುಡುಗಿಯೊಬ್ಬಳು ಬಿಳಿ ಸೀರೆಯುಟ್ಟು ಮೆಲ್ಲಗೆ ನಡೆಯುತ್ತಿದ್ದಳು. ಪಕ್ಕದ ಜಮಖಾನೆಯ ಮೇಲೆ ನಜೀರಸಾಬ ತಬಲಾವನ್ನು ಬಡಿಯದೆ ಬೆರಳಿಂದ ಸವರುತ್ತಿದ್ದ. ಅವನ ಬಾಜೂಕೆ ಪಿಟೀಲು ಹಿಡಿದು ಕೂತವನು ಕಳಕಪ್ಪ. ಯುದ್ಧದ ವರ್ಷ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಆಟವನ್ನು ಇಳಿಹೊತ್ತಿಗೇ ಇಟ್ಟಿದ್ದರು. ಬಾಗಿಲಿಂದ ಒಳಬಿದ್ದ ಬಿಸಿಲೇ ದೀಪ.

ಕಳಕಪ್ಪ ಕಿರಾಣಿ ಅಂಗಡಿಯವರ ಮಗ. ಅವರ ಹಿತ್ತಲಿಗೂ ಪಕ್ಕೀರವ್ವನ ಹಿತ್ತಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಅಪ್ಪನ ತಕ್ಕಡಿ ಬಿಟ್ಟು ಪುಣೆಗೆ ಹೋಗಿ ಪಿಟೀಲು ಕಲಿತವನು, ಈಗ ಹೊಸ ನಮೂನೆಯ ಕುಣಿತದ ಮೇಳ ಕಟ್ಟಿಕೊಂಡು ಬಂದಿದ್ದ. ತಾನೇ ಮನೆತನಕ ಹೋಗಿ ಪಕ್ಕೀರವ್ವನನ್ನು ಆಟಕ್ಕೆ ಕರೆದಿದ್ದ. ಯಾಕೆಂದು ಮಾತ್ರ ಹೇಳಿರಲಿಲ್ಲ.

ಪಕ್ಕೀರವ್ವ ಹೊಲದ ಕೂಲಿ ಬಿಟ್ಟರೆ ಮತ್ತೆಲ್ಲಿಗೂ ಹೋಗುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ಇರಕಲ್ಲಗಡದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದ ಮಗಳು ಹುಲಿಗವ್ವ ತಿರುಗಿ ಹೋಗಲಿಲ್ಲ. ಕೂಸೂ ಉಳಿಯಲಿಲ್ಲ. ಅವರ ಓಣಿಯಲ್ಲಿ ಸಾವಾದರೆ ತಾಯಿಯಾದವಳು ಮಾತು ಕಟ್ಟಿ, ರಾಗ ಎಳೆದು ಅಳುತ್ತಾಳೆ. ಅವಳ ಉಸಿರು ನಿಂತ ಕಡೆ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಅಳುವವಳನ್ನು ಒಂಟಿ ಬಿಡುವ ಹಾಗಿಲ್ಲ. ಸತ್ತವರ ದಿನಕರ್ಮ ಮುಗಿದ ಮೇಲೆ ಹಿರಿಯಳೊಬ್ಬಳು ಅವಳ ನಾಲಿಗೆಗೆ ಬೆಲ್ಲ ಇಟ್ಟರೆ ಅಲ್ಲಿಗೆ ಆ ಅಳು ಮುಗಿಯಿತು. ಬೆಲ್ಲ ತಿಂದ ಬಾಯಿ ಮತ್ತೆ ಅದನ್ನು ಎತ್ತಿದರೆ ಹೋದ ಜೀವ ದಾರಿಯಿಂದ ತಿರುಗುತ್ತದೆ ಎಂದು ನಂಬಿಕೆ. ಪಕ್ಕೀರವ್ವನಿಗೆ ಬೆಲ್ಲ ಇಟ್ಟವಳು ದುರುಗವ್ವ. ಅಂದಿನಿಂದ ಅವಳು ಬೀಸುವಾಗಲೂ ಹಾಡಿರಲಿಲ್ಲ.

ಪಿಟೀಲು ತಗ್ಗಿನ ತಂತಿಗೆ ಇಳಿಯಿತು. ಹುಡುಗಿ ಸೆರಗನ್ನು ಕೂಸಿನ ಜೋಳಿಗೆಯಂತೆ ಮುಂದೆ ಹಿಡಿದು, ಅದರಲ್ಲಿ ಇಲ್ಲದ ಭಾರವನ್ನು ತೂಗತೊಡಗಿದಳು. ಪಕ್ಕೀರವ್ವನ ಬೆನ್ನು ನೆಟ್ಟಗಾಯಿತು. ಏರುವಲ್ಲಿ ಏರಿ, ಬಿಕ್ಕುವಲ್ಲಿ ಬಿಕ್ಕಿ ಬರುತ್ತಿದ್ದುದು ಅವಳದೇ ಅಳು. ಆ ಶ್ರಾವಣದಲ್ಲಿ ಊರಿಗೆ ಬಂದಿದ್ದ ಕಳಕಪ್ಪ ಗೋಡೆಯಾಚೆ ಕೂತು ಅದನ್ನೆಲ್ಲ ಕೇಳಿದ್ದ, ಕೇಳಿದ್ದನ್ನು ಒಂದಿಷ್ಟೂ ಕೆಡದಂತೆ ಎದೆಯಲ್ಲಿಟ್ಟುಕೊಂಡಿದ್ದ. ಅವಳಿಗೆ ಸಿಟ್ಟು ಬರಲಿಲ್ಲ. ಮಗಳ ಮೈ ಇನ್ನೂ ಪೂರ್ತಿ ತಣ್ಣಗಾಗಿಲ್ಲ, ಪಡಸಾಲೆಯಲ್ಲೇ ಇದ್ದಾಳೆ, ಕೈ ಚಾಚಿದರೆ ಹಣೆ ಸಿಗುತ್ತದೆ ಅನಿಸಿತು.

ಅಷ್ಟರಲ್ಲಿ ಪಿಟೀಲು ನಿಂತಿತು. ಅಂದು ಅಳುವಾಗ ಪಕ್ಕೀರವ್ವನ ಉಸಿರು ನಿಂತದ್ದೂ ಅಲ್ಲಿಯೇ. ನಜೀರಸಾಬನ ಬೆರಳೂ ನಿಂತವು. ಹುಡುಗಿಯ ಸೆರಗು ಜಾರಿತು; ಬರಿಗೈ ಚಾಚಿ ನಿಂತುಬಿಟ್ಟಳು.

ಯಾರೂ ಎತ್ತಿಕೊಳ್ಳಲಿಲ್ಲ.

ಪಕ್ಕೀರವ್ವ ಅತ್ತಿತ್ತ ನೋಡಿದಳು. ಇಷ್ಟು ಮಂದಿ ಹೆಂಗಸರು ಕೂತು ಒಬ್ಬಳನ್ನು ಹೀಗೆ ನಡುವೆ ಬಿಡುವುದೇ? ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ.

“ಹೊಟ್ಟಿ ತುಂಬಿ ಬಂದೀ ನನ ಮಗಳ, ಮಡಿಲ ಬರಿದು ಮಾಡಿ ಹೊಂಟೀ…”

ಅವಳ ದನಿ ಒಡೆದ ಕಡೆ ಹೆಂಗಸರ ಸಾಲಿನಲ್ಲಿದ್ದ ದುರುಗವ್ವ ಎತ್ತಿಕೊಂಡಳು. ಅವಳ ಹಿಂದೆ ಮತ್ತೊಬ್ಬಳು, ಮಗದೊಬ್ಬಳು. ಒಬ್ಬೊಬ್ಬರಿಗೂ ಅವರವರ ಸತ್ತವರು ನೆನಪಾದರು. ಕಳಕಪ್ಪ ಮೊದಲು ಬೆಚ್ಚಿದ. ಆಮೇಲೆ ಕಮಾನನ್ನು ಮೆಲ್ಲಗೆ ಅವರ ದನಿಯ ಕೆಳಗೆ ಹರಿಸಿದ. ಹುಡುಗಿ ನಡೆದು ಬಂದು ಪಕ್ಕೀರವ್ವನ ಕಾಲ ಬಳಿ ಕಣ್ಣು ಮುಚ್ಚಿ ಮಲಗಿದಳು.

ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದವನು ಓಬಳೆಪ್ಪ. ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ, ಕಳಕಪ್ಪ ಪಕ್ಕೀರವ್ವಗ ಛಲೋ ಪಾಠಾ ಮಾಡಿಸ್ಯಾನ ಎಂದು ಪಕ್ಕದವನಿಗೆ ಹೇಳಿದ. ಗಂಡಸರೆಲ್ಲ ಅದೂ ಆಟದ ಭಾಗವೆಂದೇ ತಿಳಿದು ತಟ್ಟಿದರು. ಆ ಸದ್ದಿಗೆ ಪಕ್ಕೀರವ್ವ ಎಚ್ಚೆತ್ತಳು. ನಾಲಿಗೆಯ ಮೇಲಿನ ಬೆಲ್ಲ ನೆನಪಾಯಿತು. ದುರುಗವ್ವನ ಕಡೆ ನೋಡಿದಳು. ದುರುಗವ್ವ ಮುಖ ತಗ್ಗಿಸಿದಳು.

ಮಂದಿ ಕರಗಿದ ಮೇಲೆ ಕಳಕಪ್ಪ ಬಂದು ಅವಳೆದುರು ನೆಲದ ಮೇಲೆ ಕೂತ. ಅವನ ಕಣ್ಣೂ ಕೆಂಪಾಗಿದ್ದವು. ನಾಳೆ ಕುಷ್ಟಗಿ, ಅಲ್ಲಿಂದ ಗಂಗಾವತಿ, ಆಮೇಲೆ ಕೊಪ್ಪಳ. ಬಂಡಿ ಇದೆ, ನಿನ್ನನ್ನು ತಾಯಿಯ ಹಾಗೆ ನೋಡಿಕೊಳ್ಳುತ್ತೇವೆ, ಬಾ ಎಂದು ಬೇಡಿಕೊಂಡ. ತಾನು ಇಷ್ಟು ದಿನ ನುಡಿಸಿದ್ದಕ್ಕೆ ಇವತ್ತು ಜೀವ ಬಂತೆಂದ. ಕನ್ನಡ ಬಾರದ ಆ ಹುಡುಗಿ ಸುಮ್ಮನೆ ಕೈ ಜೋಡಿಸಿ ನಿಂತಿದ್ದಳು.

ಪಕ್ಕೀರವ್ವನಿಗೆ ಆಸೆಯಾಗಲಿಲ್ಲವೆಂದಲ್ಲ. ದಿನವೂ ಇಳಿಹೊತ್ತಿಗೆ ಮಗಳು ಅಷ್ಟು ಹತ್ತಿರ ಬರುವುದಾದರೆ ಯಾವ ತಾಯಿ ಬೇಡವೆಂದಾಳು? ಅವಳು ಹುಡುಗಿಯ ಧೂಳು ಮೆತ್ತಿದ ಪಾದಗಳನ್ನೇ ನೋಡಿದಳು.

“ನನ ಮಗಳು ಯಲಬುರ್ಗಾ, ಇರಕಲ್ಲಗಡ ಬಿಟ್ಟು ಬ್ಯಾರೆ ಊರು ಕಂಡಾಕಿ ಅಲ್ಲ ತಮ್ಮಾ. ಇವತ್ತ ಕರದದ್ದಕ್ಕ ಅರ್ಧ ದಾರಿಯಿಂದ ತಿರುಗಿರತಾಳ. ಇಲ್ಲೆ ಬಂದ್ರ ಮನಿ ಬಾಗಲಾ ಗೊತ್ತೈತಿ, ನಾ ಹೆಂಗರ ಸಮಾಧಾನ ಮಾಡಿ ಕಳಸ್ತೀನಿ. ಗಂಗಾವತ್ಯಾಗ ಕರದ್ರ ಎಲ್ಲಿ ಅಂತ ಹುಡುಕ್ಯಾಳು ನನ್ನ?”

ಕಳಕಪ್ಪ ಪಿಟೀಲನ್ನು ಅರಿವೆಯಲ್ಲಿ ಸುತ್ತುತ್ತ, ಹಾಗಾದರೆ ನೀನು ಬರುವುದು ಬೇಡ, ನಾನೊಬ್ಬನೇ ನುಡಿಸಲು ಅಪ್ಪಣೆಯನ್ನಾದರೂ ಕೊಡು, ಇದರಲ್ಲಿ ಮಾತೇ ಇಲ್ಲವಲ್ಲ ಎಂದ.

“ಮಾತು ನಿನಗ ಕೇಳಂಗಿಲ್ಲ, ಅಕಿಗೆ ಕೇಳ್ತಾವ. ನುಡಸಬ್ಯಾಡ.”