ಮನೆಯಲ್ಲಿ ಆಡಬಾರದ ಮಾತು

ನಿವೃತ್ತಿಯಾದ ಮೇಲೆ ಮನುಷ್ಯ ಸುಖವಾಗಿ ಇರಬಲ್ಲನೇ ಎಂದು ಯಾರಿಗಾದರೂ ಅನುಮಾನವಿದ್ದರೆ, ಗುಡ್ಡದ ಕೆಳಗಿನ ಮನೆಗೆ ಹೋಗಿ ಡ್ರೈವರಣ್ಣನನ್ನು ನೋಡಿ ಬರಬಹುದಿತ್ತು. ಆಂಬುಲೆನ್ಸ್ ಓಡಿಸಿ ಓಡಿಸಿಯೇ ತಲೆ ನೆರೆದ ಆಸಾಮಿ. ನೌಕರಿ ಮುಗಿದ ವಾರವೇ ಪಟ್ಟಣದ ಬಾಡಿಗೆ ಮನೆಗೆ ದೊಡ್ಡ ನಮಸ್ಕಾರ ಹಾಕಿ, ಹಳ್ಳಿಯಂಚಿನ ಈ ಎರಡು ಕೋಣೆಯ ಮನೆಗೆ ಬಂದು ಕೂತ. ಕೂತ ಅಂದರೆ ಕೂತೇಬಿಟ್ಟ. ಜಪ್ಪಯ್ಯ ಅಂದರೂ ಗೇಟಿನಾಚೆ ಕಾಲಿಡುತ್ತಿರಲಿಲ್ಲ. ಸಾಮಾನನ್ನು ಅಂಗಡಿಯವನೇ ತಂದು ಹಾಕಬೇಕು, ಮದುವೆಯೋ ಸಾವೋ ಏನಿದ್ದರೂ ಹೆಂಡತಿಯೇ ಹೋಗಿ ಬರಬೇಕು. ಕರೆ ಬಂದೀತೆಂದು ಬೂಟು ಬಿಚ್ಚದೆ ಮಲಗುತ್ತಿದ್ದವನು ಈಗ ಬರಿಗಾಲಲ್ಲಿ ಹಿತ್ತಲಲ್ಲಿ ಓಡಾಡಿಕೊಂಡು, ಟೊಮೆಟೊ ಗಿಡಗಳಿಗೆ ಕೋಲು ಕಟ್ಟಿಕೊಂಡು, ಮಧ್ಯಾಹ್ನವಾದರೆ ಗೊರಕೆ ಹೊಡೆದುಕೊಂಡು ಇದ್ದ.

"ಸ್ವರ್ಗ ಕಣೇ ಇದು. ಕಿವಿಗೆ ಒಂದೇ ಒಂದು ಸೈರನ್ ಬೀಳಲ್ಲ," ಎನ್ನುತ್ತಿದ್ದ.

ಹೆಂಡತಿ ನಗುತ್ತಿದ್ದಳು. ಅವಳ ಎಡ ಎದೆಯಲ್ಲಿ ಗಂಟೊಂದು ಬೆಳೆಯುತ್ತಿತ್ತು.

ಮೊದಲ ಸಲ ಸ್ನಾನ ಮಾಡುವಾಗ ಬೆರಳಿಗೆ ಸಿಕ್ಕಿದ್ದು ಕಡಲೆಕಾಳಿನಷ್ಟು. ಕೊಬ್ಬಿನ ಗಂಟಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಅದು ನಿಂಬೆಹಣ್ಣಿನಷ್ಟಾಗಿ, ಮೇಲಿನ ಚರ್ಮ ಒಡೆದು ಸೋರತೊಡಗಿತ್ತು. ಬಿಟ್ಟರೆ ಏನಾಗುತ್ತದೆಂದು ತಿಳಿಯದವಳಲ್ಲ. ಗಂಡನಿಗೆ ಹೇಳಿದರೆ ಆಸ್ಪತ್ರೆ, ಬಹುಶಃ ಜೀವ. ಹೇಳದಿದ್ದರೆ ಅದೂ ಇಲ್ಲ. ಆದರೂ ಬಾಯಿ ಬರುತ್ತಿರಲಿಲ್ಲ.

ಬಾಯಿ ಬರದಿದ್ದಕ್ಕೆ ಕಾರಣ ಹಳೆಯದು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಗಂಡ ತೋಳಿನ ಮೇಲೆ ಯಾರದೋ ರಕ್ತ ಒಣಗಿಸಿಕೊಂಡು ಬಂದಿದ್ದ. "ಈ ಮನೆಯೊಳಗೆ ಕಾಯಿಲೆ ಮಾತು ಬೇಡ ಕಣೇ. ಹೊರಗೆ ನೋಡೋದೇ ಸಾಕಾಗಿದೆ," ಅಂದಿದ್ದ. ಅವಳು ಬಿಸಿನೀರು ತಂದು ಆ ತೋಳನ್ನು ತಿಕ್ಕಿ ತೊಳೆದಿದ್ದಳು. ಅಂದಿನಿಂದ ಆ ಮನೆಯಲ್ಲಿ ಯಾರಿಗೂ ಜ್ವರ ಬರಲಿಲ್ಲ, ಸುಸ್ತಾಯಿತು ಅಷ್ಟೆ. ಮಗಳು ಕೈ ಮುರಿದುಕೊಂಡಾಗ ತಾನೇ ಎತ್ತಿಕೊಂಡು ಓಡಿ, ಪಟ್ಟಿ ಹಾಕಿಸಿಕೊಂಡು ಬಂದಿದ್ದಳು. ಒಂದು ಬಸಿರು ನಿಲ್ಲದೆ ಇಳಿದುಹೋದ ದಿನ ಹಾಸಿಗೆಯ ಬಟ್ಟೆ ಒಗೆದು ಒಣಹಾಕಿ, ಅವನು ಬರುವಷ್ಟರಲ್ಲಿ ಬಿಸಿ ಅಡುಗೆ ಮಾಡಿಟ್ಟಿದ್ದಳು. ಅವನು ಎರಡು ಸಲ ಬಡಿಸಿಕೊಂಡು ಉಂಡಿದ್ದ. ಇಂಥದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಕ್ಕೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತೆನ್ನಿ. ಹೆಣ್ಣುಮಕ್ಕಳ ಹೆಮ್ಮೆ ಒಮ್ಮೊಮ್ಮೆ ಇಂಥ ಕೆಲಸಕ್ಕೆ ಬಾರದ ಜಾಗದಲ್ಲಿ ಹೋಗಿ ಕೂರುತ್ತದೆ.

ಮಗಳಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಅವಳು ಅವತ್ತೇ ಕಾರು ತಂದು ಇಬ್ಬರನ್ನೂ ಹೇರಿಕೊಂಡು ಹೋಗುತ್ತಾಳೆ. ಅಲ್ಲಿಗೆ ಅವನ ಸ್ವರ್ಗ ಮುಗಿಯಿತು. ಇಷ್ಟು ವರ್ಷ ಗೇದು ಈಗ ನೆಮ್ಮದಿ ಕಂಡವನನ್ನು ಮತ್ತೆ ಅದೇ ಆಸ್ಪತ್ರೆಯ ಬಾಗಿಲಿಗೆ ಹೇಗೆ ನೂಕುವುದು?

ಒಂದು ಬೆಳಿಗ್ಗೆ ಹಾಲು ಹಾಕಲು ಬಂದವಳು ಪಾತ್ರೆಗೆ ಸುರಿಯುತ್ತಿದ್ದ ಕೈ ನಿಲ್ಲಿಸಿ ಮೂಗು ಅರಳಿಸಿದಳು. ಎದುರಿಗೆ ನಿಂತವಳ ರವಿಕೆಯ ಎಡಭಾಗದ ಹಸಿ ಕಲೆ ಅವಳ ಕಣ್ಣಿಗೆ ಬಿತ್ತು.

"ಅಕ್ಕಾ, ಏನಿದು?"

"ಏನಿಲ್ಲ ಮಾರಾಯ್ತಿ, ಟೀ ಚೆಲ್ಲಿಕೊಂಡೆ."

"ಟೀ ನಮ್ಮನೇಲೂ ಕಾಯಿಸ್ತೀವಿ, ಈ ವಾಸನೆ ಬರಲ್ಲ. ನಮ್ಮತ್ತೆಗೆ ಹೀಗೇ ಆಗಿತ್ತು. ಬದುಕಲಿಲ್ಲ." ಹಾಲಿನವಳು ದನಿ ತಗ್ಗಿಸಿದಳು. "ನಾಳೆ ನಾನು ಬರೋದ್ರೊಳಗೆ ಅಣ್ಣಂಗೆ ಹೇಳಿಬಿಡಿ. ಇಲ್ಲಾಂದ್ರೆ ನಾನೇ ಹೇಳ್ತೀನಿ. ನೀವು ಬೈದ್ರೂ ಸರಿ, ಹಾಲು ಬಿಟ್ರೂ ಸರಿ."

ತಿಂಡಿಯ ಹೊತ್ತಿಗೆ ಹೇಳೋಣವೆಂದುಕೊಂಡಳು ಹೆಂಡತಿ. ಅವನು ಈ ಸಲದ ಮೊದಲ ಟೊಮೆಟೊ ಕಿತ್ತು ತಂದು ಮಗು ತೋರಿಸಿದ ಹಾಗೆ ತೋರಿಸಿದ. ಅವಳು ಅದನ್ನು ಹೆಚ್ಚಿ ಅವನ ತಟ್ಟೆಗೇ ಹಾಕಿದಳು. ಊಟದ ಹೊತ್ತಿಗೂ ಆಗಲಿಲ್ಲ. ಮಧ್ಯಾಹ್ನ ಅವನು ಹಿತ್ತಲಲ್ಲಿ ಕೂರಲೊಂದು ಬೆಂಚು ಮಾಡುತ್ತ, ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಮನಸ್ಸು ಗಟ್ಟಿ ಮಾಡಿಕೊಂಡು ಎದುರಿಗೆ ಹೋಗಿ ನಿಂತಳು.

"ರೀ, ನನ್ನ ಎದೇಲೊಂದು ಗಂಟಿದೆ. ಒಡೆದಿದೆ."

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದ.

"ಏನು ಗೊತ್ತು?"

"ಬಟ್ಟೆ ಒಣಹಾಕುವಾಗ ಎಡಗೈ ಎತ್ತೋದು ಬಿಟ್ಟೆಯಲ್ಲ, ಆಗ್ಲೇ ಅನುಮಾನ ಬಂತು. ಆಮೇಲೆ ವಾಸನೆ. ಇಂಥವರನ್ನ ಎಷ್ಟು ಜನರನ್ನ ಹೊತ್ತಿಲ್ಲ ನಾನು."

"ಯಾವಾಗಿಂದ?"

"ಹೋದ ಮಳೆಗಾಲದಿಂದ."

ಈ ವರ್ಷದ ಮಳೆಯ ಮೋಡ ಆಗಲೇ ಗುಡ್ಡದ ಮೇಲೆ ಬಂದು ಕೂತಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ತುಟಿ ಪಿಟಕ್ಕೆನ್ನಲಿಲ್ವಲ್ರೀ! ಇವಳು ಸಾಯ್ಲಿ ಅಂತಾನಾ?"

ಅವನು ಕಾಗದ ಕೆಳಗಿಟ್ಟ. "ನೀನೇ ಹೇಳ್ತೀಯ ಅಂತ ಕಾದೆ. ಹೇಳಿದ್ರೆ ಹೊರಡಬೇಕಾಗುತ್ತೆ ಅಂತ ಹೆದರಿಕೆ. ದಿನಾ ಬೆಳಿಗ್ಗೆ, ಇವತ್ತೊಂದು ದಿನ ಹೀಗೇ ಇದ್ದುಬಿಡೋಣ ಅನ್ಸೋದು. ನಾವಿಬ್ರೂ ಇಷ್ಟು ಚೆನ್ನಾಗಿ ಯಾವತ್ತಿದ್ವಿ ಹೇಳು?" ಹಲಗೆಯ ಮೇಲಿನ ಪುಡಿ ಒರೆಸುತ್ತ, "ನೀನೂ ಸುಮ್ನೇ ಇದ್ದೆಯಲ್ಲ," ಎಂದ.

ಅವನ ಸುಖ ಕೆಡದಿರಲೆಂದು ಅವಳು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ತಿರುಗಿದ್ದಳು. ಅವನು ಆ ಕೆಂಡವನ್ನು ನೋಡಿಕೊಂಡೇ ಚಳಿ ಕಾಯಿಸಿಕೊಂಡಿದ್ದ. ಅವನನ್ನು ಹಿಡಿದು ಹೊಡೆಯಬೇಕೆನಿಸಿತು, ತಬ್ಬಿಕೊಂಡು ಅಳಬೇಕೆನಿಸಿತು. ಎರಡನ್ನೂ ಮಾಡದೆ, ಅರ್ಧ ಮುಗಿದಿದ್ದ ಬೆಂಚಿನ ಮೇಲೆ ಕುಸಿದು ಕೂತಳು. ಅವನೂ ಪಕ್ಕದಲ್ಲಿ ಬಂದು ಕೂತ.

"ಸೋಮವಾರ ಹೋಗೋಣ," ಎಂದ. "ನಾನೇ ಯಾರದಾದ್ರೂ ಗಾಡಿ ಕೇಳಿ ತರ್ತೀನಿ. ನಾನೇ ಓಡಿಸ್ತೀನಿ."

ಈಗಲೇ ಎದ್ದು ಹೊರಡಿ ಎಂದು ಅವಳು ಕಿರುಚಬೇಕಿತ್ತು. ಆದರೆ ಗಾಳಿ ತಣ್ಣಗೆ ಬೀಸುತ್ತಿತ್ತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಅವನು ಅವಳ ಎಡಗೈಯನ್ನು ನೋಯದ ಹಾಗೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಹೀಗೆ ಕೈ ಹಿಡಿದು ಕೂತಿದ್ದು ಅವಳಿಗೆ ನೆನಪಿರಲಿಲ್ಲ. ಹಾಯೆನಿಸಿತು. ಹಾಯೆನಿಸಿದ್ದಕ್ಕೇ ಹೆದರಿಕೆಯೂ ಆಯಿತು.

"ಸೋಮವಾರ ಬೇಡ," ಎಂದಳು. "ಸೋಮವಾರ ಆಸ್ಪತ್ರೇಲಿ ವಿಪರೀತ ಜನ ಇರ್ತಾರೆ."

"ಅದೂ ನಿಜವೇ," ಎಂದ ಅವನು.