ಕಲ್ಲುಕೂಸಿನ ತೊಟ್ಟಿಲು

ಕುಲಾವಿ ತೊಟ್ಟ ಗುಂಡುಕಲ್ಲು ತೊಟ್ಟಿಲ ಸಮೇತ ದಡಾರನೆ ಉರುಳಿ ಕೆಂಪು ಗಾರೆ ನೆಲದ ಮೇಲೆ ಬಿತ್ತು. ಒಳಗಿಂದ ಬಾಣಂತಿ ಗಿರಿಜೆ "ಅವ್ವಾ!" ಅಂತ ಕೂಗಿಕೊಂಡಳು. ಅವಳಪ್ಪ ಬಡಗಿ ಮಹಾಲಿಂಗಯ್ಯ ತಾನೇ ಬಿದ್ದವನಂತೆ ಮೊಣಕಾಲು ಸವರಿಕೊಂಡ.

"ಸದ್ಯ, ಕಲ್ಲುಕೂಸು" ಅಂದಳು ಕುಣಿಗಲ್ಲಿಂದ ಬಂದಿದ್ದ ಬೀಗಿತ್ತಿ ರೇವಮ್ಮ. "ನಾಳೆ ನಮ್ ಕೂಸು ಬೀಳೋದು ಬ್ಯಾಡ ಬೀಗ್ರೇ. ನಮ್ಮನೇಲಿ ಒಳ್ಳೆ ತೊಲೆ ಐತೆ, ಅಲ್ಲೇ ತೂಗಿ ಹೆಸರಿಡಾಣ. ಸಂಜೆ ಬಸ್ಸಿಗೆ ತಾಯಿ ಮಗೂನ ಕರ್ಕೊಂಡೋಯ್ತೀನಿ."

ನಾಮಕರಣದಲ್ಲಿ ಮಗುವಿಗಿಂತ ಮುಂಚೆ ಚಟ್ನಿ ಅರೆಯುವ ಗುಂಡುಕಲ್ಲನ್ನು ಸಿಂಗರಿಸಿ ತೂಗುವುದು ವಾಡಿಕೆ. ಹಿಂದಿನ ದಿನವೇ ಒಂದು ಸಲ ಮಲಗಿಸಿ ನೋಡಾಣ ಅಂದವಳೂ ರೇವಮ್ಮನೇ.

ತಪ್ಪು ಮಹಾಲಿಂಗಯ್ಯನದೇ. ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸಿದ ದಿನ, ಆಳುಗಳಿಗೆ ಟೀ ಬನ್ನು ಹಂಚುವ ಸಡಗರದಲ್ಲಿ, ಸೂರಿಗೆ ತೊಟ್ಟಿಲ ಕೊಂಡಿ ಹಾಕಿಸುವುದನ್ನೇ ಮರೆತಿದ್ದ. ಊರಿಗೆಲ್ಲ ತೊಟ್ಟಿಲು ಮಾಡಿಕೊಟ್ಟವನ ಮನೆಯಲ್ಲಿ ತೊಟ್ಟಿಲು ಕಟ್ಟಲು ಜಾಗವಿಲ್ಲ! ಗುಬ್ಬಿ ಪೇಟೆಯಲ್ಲಿ ನೆರೆಮನೆಯ ಕದರಯ್ಯ ಅದನ್ನೇ ಹೇಳಿಕೊಂಡು ನಗಾಡುತ್ತಿದ್ದ. ಅದಕ್ಕೇ ಈ ನಿಲ್ಲುವ ತೊಟ್ಟಿಲು. ಆಚೆಗೊಂದು ಈಚೆಗೊಂದು ಕಂಬ, ಮೇಲೊಂದು ಅಡ್ಡಮರ, ಅದಕ್ಕೆ ತೊಟ್ಟಿಲು. ಹಾಡುವ ಹೆಂಗಸರು ಎಡವಬಾರದೆಂದು ಕಂಬದ ಬುಡ ಗೇಣಗಲ ಮಾತ್ರ ಬಿಟ್ಟಿದ್ದ. ನೋಡಲು ಚೆಂದವಿತ್ತು. ತೂಗಿದ್ದೇ ತಡ, ಮಗುಚಿತು.

ಮೊದಲ ಮೊಮ್ಮಗಳು. ತನ್ನ ಕೈಯ ತೊಟ್ಟಿಲು ಬಿಟ್ಟು ಬೇರೆ ಊರಲ್ಲಿ ಹೆಸರಿಡಿಸಿಕೊಳ್ಳುವುದೆಂದರೇನು?

ಸದ್ದಿಗೆ ಮಗು ಎದ್ದು ಕಿರುಚತೊಡಗಿತು. ಹೆಂಡತಿ ಸಿದ್ದಗಂಗಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು "ಜೋ ಜೋ" ಅನ್ನುತ್ತ ನಿಂತಲ್ಲೇ ತೂಗಿದಳು. ಮೈಯೆಲ್ಲ ಎಡಕ್ಕೆ ಬಲಕ್ಕೆ ಓಲಾಡುತ್ತಿತ್ತು, ಅಗಲಿಸಿಟ್ಟ ಪಾದ ಮಾತ್ರ ಕದಲಲಿಲ್ಲ. ಮಹಾಲಿಂಗಯ್ಯ ನೋಡಿದ. ಕಿವಿಯ ಸಂದಿಯ ಸೀಮೆಸುಣ್ಣ ತೆಗೆದು, ಅವಳ ಕಾಲ ಬುಡದಲ್ಲಿ ಕುಕ್ಕರಿಸಿ, ಪಾದದ ಸುತ್ತ ಗೆರೆ ಎಳೆಯತೊಡಗಿದ.

"ಅಯ್ಯೋ, ಏನ್ರೀ ಇದು! ಬೀಗಿತ್ತಿ ಎದುರ್ಗೇ ಕಾಲ್ ಹಿಡೀತೀರಲ್ಲ!"

"ಅಲ್ಲಾಡ್ಬೇಡ, ಸುಮ್ಕಿರೇ."

ರೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಹಿಡಿಸ್ಕೊ ಬುಡಕ್ಕ. ನಮ್ ಯಜಮಾನ್ರು ಒಂದಿನಾನೂ ಹಿಡೀಲಿಲ್ಲ."

ಮಧ್ಯಾಹ್ನವೆಲ್ಲ ಹಿತ್ತಿಲಲ್ಲಿ ಉಳಿ, ಕೊಡತಿ ಸದ್ದು. ಒಂಟಿ ಕಂಬ ಹೋಗಿ, ಎರಡು ಕಡೆಯೂ ಕವಲೊಡೆದ ಅಗಲವಾದ ಕಾಲು ಬಂತು. ನಾಲ್ಕು ಕಾಲನ್ನೂ ಕೆಳಗೊಂದು ಹಲಗೆ ಹಿಡಿದುಕೊಂಡಿತು. ಹೊತ್ತಿಳಿದಾಗ ರೇವಮ್ಮ ಬ್ಯಾಗು ಕಂಕುಳಲ್ಲಿಟ್ಟುಕೊಂಡೇ ಕಲ್ಲುಕೂಸನ್ನು ಜೋರಾಗಿ ತೂಗಿದಳು. ತೊಟ್ಟಿಲು ಬೀಳಲಿಲ್ಲ. ಆದರೆ ಒಂದು ಕಾಲು ಎದ್ದು 'ಟಕ್' ಅಂದಿತು.

ರೇವಮ್ಮ ಬಾಗಿಲ ಕಡೆ ನೋಡಿದಳು.

"ತಡೀರಿ ಬೀಗಿತ್ತೀ. ಭಾರ ಮೇಲೈತೆ, ಕೆಳಗಿರ್ಬೇಕು." ಮಹಾಲಿಂಗಯ್ಯ ಕಲ್ಲುಕೂಸನ್ನು ಎತ್ತಿ ತಳದ ಹಲಗೆಗೆ ಬಿಗಿದು ಕಟ್ಟಿದ. ತೊಟ್ಟಿಲಲ್ಲಿ ಕೂಸಿನ ತೂಕದ ರಾಗಿಗಂಟು ಮಲಗಿಸಿದ. "ಈಗ ತೂಗಿ. ನಿಮ್ ಕೈಲಾದಷ್ಟೂ ತೂಗಿ."

ರೇವಮ್ಮ ಬ್ಯಾಗು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಬಾವಿ ಹಗ್ಗ ಜಗ್ಗುವವಳಂತೆ ತೂಗಿದಳು. ರಾಗಿಗಂಟು ಅತ್ತಿತ್ತ ಹಾರಾಡಿತು. ಕಾಲು ನೆಲ ಬಿಡಲಿಲ್ಲ. ಇನ್ನೂ ತೂಗಿದಳು, ಬಳೆ ಗಲಗಲ ಅಂದವು. ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು.

"ಹೋಗ್ಲಿ ಬುಡಿ ಆ ಬಸ್ಸು" ಅಂದಳು ಏದುಸಿರು ಬಿಡುತ್ತ. "ಅಕ್ಕಾ, ಹೋಳಿಗೆಗೆ ಬ್ಯಾಳೆ ನೆನೆಹಾಕಿದ್ಯಾ?"

ಮಾರನೆಯ ದಿನ ಕಲ್ಲುಕೂಸನ್ನು ಮೆಲ್ಲಗೆ ತೂಗಿ, ತೊಟ್ಟಿಲಡಿಯಿಂದ ದಾಟಿಸಿ, ಹಾಗೇ ಹಲಗೆಗೆ ಕಟ್ಟಿದರು. ಆಮೇಲೆ ಮಗು ಮಲಗಿತು, ಹಾಡಾಯಿತು, ಹೆಸರಾಯಿತು.

"ರೀ, ನಾಳೆ ಚಟ್ನಿ ಯಾವುದ್ರಲ್ಲಿ ಅರೀಲಿ?" ಅಂದಳು ಸಿದ್ದಗಂಗಮ್ಮ, ಹಲಗೆಗೆ ಕಟ್ಟಿದ್ದ ಗುಂಡುಕಲ್ಲು ನೋಡುತ್ತ.

"ಕದರಯ್ಯನ ಮನೇಲಿ ಅರ್ಕೊಂಡು ಬಾ. ನಗಾಡ್ತಿದ್ನಲ್ಲ, ಅವನ ಗುಂಡೂ ಒಂದಿಷ್ಟು ಸವೀಲಿ."

ಹೋಳಿಗೆ ಉಂಡು ಮನೆಯೆಲ್ಲ ಉರುಳಿಕೊಂಡಿತ್ತು. ನಡುಮನೆಯಲ್ಲಿ ತೊಟ್ಟಿಲು ಇನ್ನೂ ಸಣ್ಣಗೆ ಓಲಾಡುತ್ತಿತ್ತು. ಅದರ ನೆರಳು, ಕೆಳಗೆ ಕುಲಾವಿ ತೊಟ್ಟು ಕುಂಕುಮ ಮೆತ್ತಿಸಿಕೊಂಡು ಕೂತಿದ್ದ ಕಲ್ಲಿನ ಮೇಲೆ ಹಾದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.