ಎಡಗಿವಿಯ ಹಿಂದಿನ ಡಬಲ್ ಬೆಲ್

ಹೊಸ ಸಾಮಾನು ಮನೆಗೆ ಬಂದರೆ ಉಳಿದವರು ಡಬ್ಬ ಬಿಚ್ಚುತ್ತಾರೆ, ಈ ಮನೆಯ ಸೊಸೆ ಸಾಮಾನನ್ನೇ ಬಿಚ್ಚುತ್ತಾಳೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ದಿನವಿಡೀ ಬಿಚ್ಚಿದ್ದು ಸಾಲದೆಂಬಂತೆ ಮನೆಗೆ ಬಂದ ಮೇಲೂ ಅವಳ ಕೈ ಸುಮ್ಮನಿರದು. ಅದರಲ್ಲೂ ಗೇಮ್ ಆಡುವ ಮೌಸೆಂದರೆ ಪ್ರಾಣ. ಅದನ್ನು ಅಂಗಾತ ಮಲಗಿಸಿ, ಅಡಿಯ ಜಾರುಪಟ್ಟಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಊದಿ, ಉಗುರಿನಿಂದ ಮೆಲ್ಲಗೆ ಎಬ್ಬಿಸಿದಾಗ ಕೆಳಗೆ ಅಡಗಿ ಕೂತ ಸ್ಕ್ರೂ ಕಂಡರೆ ಸಾಕು, ಮುಖ ಅರಳಿಬಿಡುತ್ತಿತ್ತು. ಅತ್ತೆ ಮಾತ್ರ, "ನನ್ನ ಮಿಕ್ಸಿ ಒಂದನ್ನ ಬಿಟ್ಟು ಏನು ಬೇಕಾದ್ರೂ ಬಿಚ್ಚಮ್ಮ ತಾಯಿ" ಎಂದು ಕೈಮುಗಿದಿದ್ದರು.

ಈ ಹುಚ್ಚಿಗೆ ಮನೆಯಲ್ಲಿ ಸಿಕ್ಕ ಬೆಂಬಲ ಮಾವನದು. ಅವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಜೀವಮಾನವೆಲ್ಲ ಎಂಜಿನ್ನಿನ ಪಕ್ಕ ಕೂತು ಎಡಗಿವಿ ಕೈಕೊಟ್ಟಿತ್ತು. ಆ ಕಡೆಯಿಂದ ಯಾರೇನು ಅಂದರೂ "ಹ್ಞಾಂ? ಹ್ಞಾಂ?" ಎನ್ನಬೇಕಾಗಿ ಬಂದು, ನಾಚಿಕೆಯಾಗಿ, ಮಾತೇ ಬಿಟ್ಟು ಕಿಟಕಿ ಬದಿಯ ಕುರ್ಚಿಗೆ ಅಂಟಿಕೊಂಡಿದ್ದರು. ಅವರನ್ನು ಎಬ್ಬಿಸಿದ್ದು ಸೊಸೆಯ ಮೌಸು. "ಸುಮ್ನೆ ಹಿಡಿದು ನೋಡಿ ಮಾವ, ಭಾರ ಸರಿ ಇದ್ಯಾ ಹೇಳಿ" ಎಂದು ಕೊಟ್ಟದ್ದೇ ನೆಪ. ಸ್ಟೀರಿಂಗ್ ಹಿಡಿದ ಕೈ, ಬಿಡಲೇ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಅವರು ತಮ್ಮ ಬಸ್ಸಿನ ಹಳೇ ಕಂಡಕ್ಟರನ್ನೂ ಎಳೆದುಕೊಂಡು ಬೀದಿಯ ತುದಿಯ ಗೇಮ್ ಸೆಂಟರಿಗೆ ಹೋಗತೊಡಗಿದರು. ಹುಡುಗರು ಇಟ್ಟ ಹೆಸರು 'ಡಿಪೋ ಟೀಮು'.

ಆಟ ಇಷ್ಟೇ. ಪಾಳುಬಿದ್ದ ದೊಡ್ಡ ಕಟ್ಟಡವೊಂದರಲ್ಲಿ ಇಬ್ಬಿಬ್ಬರ ಎರಡು ಜೋಡಿ. ಹೆಜ್ಜೆ ಸಪ್ಪಳ ಹಿಡಿದು ಎದುರಾಳಿಯನ್ನು ಹುಡುಕಿ ಬಣ್ಣದ ಗುಂಡು ಹೊಡೆಯಬೇಕು. ಬಲದಿಂದ ಬಂದವರನ್ನು ಮಾವ ಬಿಡುತ್ತಿರಲಿಲ್ಲ. ಎಡದಿಂದ ಬಂದವರು ಮಾವನನ್ನು ಬಿಡುತ್ತಿರಲಿಲ್ಲ. ಕಂಡಕ್ಟರ್ ಮೈಕಿನಲ್ಲಿ ಎಚ್ಚರಿಸಲು ಹೋದರೆ ಅವರ ದೊಡ್ಡ ಗಂಟಲಿನ ಅಬ್ಬರಕ್ಕೆ ಮಾವನ ನೆಟ್ಟಗಿದ್ದ ಬಲಗಿವಿಯೂ ಮುಚ್ಚಿಹೋಗುತ್ತಿತ್ತು.

ಹಾಗೂ ಹೀಗೂ ಸೆಂಟರಿನ ಪಂದ್ಯಾವಳಿಯಲ್ಲಿ ಫೈನಲ್ ತಲುಪಿದರು. ಆ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ಮಾವ ಹೇಳಿದರು: "ಇವತ್ತು ಸೋತರೆ ನಾನು ಆಟ ಬಿಡ್ತೀನಿ ಕಣಮ್ಮ. ಕಂಡಕ್ಟರಿಗೆ ಕಿವಿ ನೆಟ್ಟಗಿರೋ ಹುಡುಗರು ಯಾರಾದ್ರೂ ಸಿಗ್ತಾರೆ. ನನ್ನಿಂದ ಅವನ್ಯಾಕೆ ಹಾಳಾಗ್ಬೇಕು?"

ಸೊಸೆಯ ಕಣ್ಣು ಆ ಕಿಟಕಿ ಬದಿಯ ಕುರ್ಚಿಯ ಮೇಲೆ ಬಿತ್ತು. ಅವಳಿಗೆ ನಿಜವಾಗಿಯೂ ಭಯವಾಯಿತು. ಮತ್ತೆ ಅಲ್ಲಿ ಕೂತರೆ ಈ ಮನುಷ್ಯ ಇನ್ನು ಏಳುವುದಿಲ್ಲ.

"ಸೋಲೋ ಮಾತು ಆಮೇಲೆ. ಮೊದಲು ಇದನ್ನ ಹಾಕ್ಕೊಳಿ" ಎಂದು ಅವಳು ಹೆಡ್‌ಫೋನ್ ತಂದಿಟ್ಟಳು. ವಾರದಿಂದ ಅದರ ಹೊಟ್ಟೆ ಬಗೆದಿದ್ದಳು. ಹಳೇ ಮೊಬೈಲು ಗುರ್ರೆಂದು ನಡುಗುತ್ತದಲ್ಲ, ಆ ನಡುಗುವ ಪುಟಾಣಿ ಮೋಟಾರನ್ನು ಕಿತ್ತು ಎಡಗಡೆಯ ಮೆತ್ತೆಯೊಳಗೆ, ಕಿವಿಯ ಹಿಂದಿನ ಮೂಳೆಗೆ ತಾಗುವಂತೆ ಕೂರಿಸಿದ್ದಳು. ಆಟದಲ್ಲಿ ಎಡದಿಂದ ಹೆಜ್ಜೆ ಬಂದರೆ ಕಿವಿಗೆ ಕೇಳಿಸದಿದ್ದರೂ ಮೂಳೆಗೆ ಟಕ್ ಎಂದು ತಟ್ಟುತ್ತದೆ.

ಮಾವ ಕಣ್ಣುಮುಚ್ಚಿ ಕೂತರು. ಸೊಸೆ ಸದ್ದು ಹಾಕಿದಳು.

"ಅಯ್ಯೋ! ಎಡಗಡೆ ಯಾರೋ ಬಂದ್ರು ಕಣಮ್ಮ!" ಎಂದು ಅವರು ಕೂಗಿದ ರಭಸಕ್ಕೆ ಅಡುಗೆಮನೆಯಲ್ಲಿದ್ದ ಅತ್ತೆ ಸೌಟು ಹಿಡಿದು ಓಡಿಬಂದರು.

ಸಂಜೆ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಾಳಿಗಳು ಕಾಲೇಜಿನ ಇಬ್ಬರು ಹುಡುಗಿಯರು. ಚುರುಕೆಂದರೆ ಚುರುಕು, ಒಬ್ಬಳ ಕೀಬೋರ್ಡಂತೂ ಹುರಿಗಡಲೆ ಸಿಡಿದಂತೆ ಪಟಪಟ ಅನ್ನುತ್ತಿತ್ತು. ಮೂರರಲ್ಲಿ ಎರಡು ಆಟ ಗೆದ್ದವರು ಗೆದ್ದಂತೆ. ಸೊಸೆ ಮಾವನ ಬೆನ್ನ ಹಿಂದೆ ನಿಂತಳು. ಇನ್ನೇನು, ಎಡಗಡೆಗೂ ಕಾವಲು ಕೂತಿತಲ್ಲ ಎಂದು ಒಳಗೊಳಗೇ ಬೀಗುತ್ತಿದ್ದಳು.

ಮೊದಲ ಆಟ ಮಣ್ಣುಪಾಲಾಯಿತು. ಒಂದು ಸಲ ಎಡದಿಂದ ಹೆಜ್ಜೆ ಬಂದಾಗ ಅಡಗಿಕೊಳ್ಳಬೇಕಾದ ಮಾವ ಎದೆ ಸೆಟೆಸಿ ನೇರ ಮುಂದಕ್ಕೆ ಹೋಗಿ ಗುಂಡು ತಿಂದರು. ಇನ್ನೊಂದು ಸಲ ಓಡಬೇಕಾದ ಕಡೆ ನಡು ಅಂಗಳದಲ್ಲಿ ಗಕ್ಕನೆ ನಿಂತು ಮೈತುಂಬ ಬಣ್ಣ ಬಳಿಸಿಕೊಂಡರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

"ತಟ್ಟಿದ್ದು ಗೊತ್ತಾಗ್ಲಿಲ್ವಾ ಮಾವ?"

"ಚೆನ್ನಾಗೇ ಗೊತ್ತಾಯ್ತು. ಆದ್ರೆ ಮೈ ನನ್ನ ಮಾತು ಕೇಳಲ್ಲ ಅನ್ನುತ್ತೆ" ಎಂದು ಮಾವ ಪೆಚ್ಚಾಗಿ ಹೆಡ್‌ಫೋನ್ ತೆಗೆಯಹೋದರು. "ಬಿಡಮ್ಮ. ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ."

"ತೆಗೀಬೇಡಿ" ಎಂದು ಸೊಸೆ ಅವರ ಕೈ ಹಿಡಿದಳು. ಅಲ್ಲೇ ಒಮ್ಮೆ ಸದ್ದು ಹಾಕಿ ನೋಡಿದಳು. ಟಕ್. ಮೇಜಿನಡಿ ಮಾವನ ಬಲಗಾಲು ನೆಲವನ್ನು ಒತ್ತಿ ಹಿಡಿಯಿತು. ಟಕ್ ಟಕ್. ಒತ್ತಿದ ಕಾಲು ಸರಿದು ಪಕ್ಕದಲ್ಲಿ ಮೆಲ್ಲಗೆ ಇಳಿಯಿತು. ಬ್ರೇಕು, ಆಮೇಲೆ ಆಕ್ಸಿಲರೇಟರು!

"ಕಂಡಕ್ಟ್ರೇ, ನೀವು ಬಸ್ಸಲ್ಲಿ ಬೆಲ್ ಹೇಗೆ ಹೊಡೀತಿದ್ರಿ?"

"ಬೆಲ್ಲೆಲ್ಲಿ ಬಂತಮ್ಮ, ಅದು ಕೆಟ್ಟಿದ್ದೇ ಜಾಸ್ತಿ. ಇವನ ತಲೆ ಹಿಂದೆ ತಗಡಿತ್ತಲ್ಲ, ಅದಕ್ಕೇ ಬಡೀತಿದ್ದೆ. ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೊರಡು. ಆಕಾಶ ಕಳಚಿ ಬೀಳಲಿ, ಡಬಲ್ ಬೆಲ್ ಆಗದೆ ಈ ಪುಣ್ಯಾತ್ಮ ಗಾಡಿ ಕದಲಿಸ್ತಿರಲಿಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸುಡುವುದೇಕೆ, ಬಳಸಿಕೊಂಡರಾಯಿತು! ಸೊಸೆಗೆ ಅಲ್ಲೇ ಕುಣಿಯಬೇಕೆನ್ನಿಸಿತು.

"ಹತ್ತು ನಿಮಿಷ ಕೊಡಿ. ಒಂದು ಕೆಟ್ಟ ಮೌಸೂ ಕೊಡಿ" ಎಂದಳು ಸೆಂಟರಿನ ಯಜಮಾನರಿಗೆ. ಅವರು ಗುಜರಿ ಡಬ್ಬಿಯಿಂದ ಒಂದನ್ನು ಬಾಲ ಹಿಡಿದು ಎತ್ತಿಕೊಟ್ಟರು. ಸೊಸೆಯ ಚೀಲದಲ್ಲಿ ಬೆಸುಗೆ ಕಡ್ಡಿ ಯಾವತ್ತೂ ಇರುತ್ತದೆ, ಬಾಚಣಿಗೆ ಇಲ್ಲದಿದ್ದರೂ. ಮೋಟಾರಿಗೂ ಆಟದ ಸದ್ದಿಗೂ ಇದ್ದ ನಂಟನ್ನು ಕತ್ತರಿಸಿದಳು. ಮೌಸಿನ ಎಡಗುಂಡಿಯ ಸ್ವಿಚ್ಚಿಗೆ ಗುಂಡಿಯಷ್ಟಗಲದ ಬ್ಯಾಟರಿ ಬೆಸೆದಳು. ಮೌಸಿನ ಉದ್ದನೆಯ ಬಾಲವನ್ನೇ ಎಳೆದು ಮಾವನ ಹೆಡ್‌ಫೋನಿಗೆ ಕಟ್ಟಿದಳು. ಬೆಸುಗೆಯ ರಾಳದ ಹೊಗೆಗೆ ಮುಂದಿನ ಸಾಲಿನವರೆಲ್ಲ ಕೆಮ್ಮಿದರು, ಆದರೆ ಒಬ್ಬರೂ ಜಾಗ ಬಿಡಲಿಲ್ಲ.

"ಕಂಡಕ್ಟ್ರೇ, ಎಡಗಾಲಿನ ಶೂ ಬಿಚ್ಚಿ. ಕೈ ಎರಡೂ ಆಟಕ್ಕೆ ಬೇಕು. ಇದು ನಿಮ್ಮ ಹೆಬ್ಬೆರಳಡಿ ಇರಲಿ. ಆಟದಲ್ಲಿ ಮಾವನ ಬೆನ್ನಿಗೇ ಇರಿ, ಎಡಗಡೆ ಕೇಳಿಸ್ಕೊಳ್ಳೋದು ನೀವು. ನಿಲ್ಲಿಸಬೇಕಾದ್ರೆ ಒಂದು ಒತ್ತಿ, ಹೊರಡಬೇಕಾದ್ರೆ ಎರಡು."

ಎದುರಾಳಿಗಳಲ್ಲಿ ಒಬ್ಬಳು ಕೈಯೆತ್ತಿದಳು. "ಸಾರ್, ಇದು ನಡೆಯುತ್ತಾ?"

ಯಜಮಾನರು ತಲೆ ಕೆರೆದುಕೊಂಡರು. "ಜೋಡಿಯವರು ಮಾತಾಡ್ಕೋಬಹುದು ಅಂತ ನಿಯಮ ಇದೆ."

"ಬಾಯಲ್ಲೇ ಮಾತಾಡ್ಬೇಕು ಅಂತ ಎಲ್ಲಿದೆ?" ಎಂದರು ಕಂಡಕ್ಟರ್, ಕಾಲುಚೀಲ ಕಳಚುತ್ತಾ. ಹುಡುಗಿಯೂ ನಕ್ಕುಬಿಟ್ಟಳು. "ಆಯ್ತು ತಾತ, ಬನ್ನಿ ನೋಡೋಣ."

ಎರಡನೇ ಆಟ ಶುರುವಾಯಿತು. ಎಡದ ಗೋಡೆಯಾಚೆ ಹೆಜ್ಜೆ ಸಪ್ಪಳ. ಕಂಡಕ್ಟರ್ ಹೆಬ್ಬೆರಳು ಒತ್ತಿದರು. ಮಾವ ಗಕ್ಕನೆ ನಿಂತರು. ಅವರ ಮೂಗಿನ ಮುಂದೆಯೇ ಓಡಿಬಂದ ಹುಡುಗಿ ಬಣ್ಣದಲ್ಲಿ ಮಿಂದಳು. ಟಕ್ ಟಕ್, ಮಾವ ಹೊರಟರು. ಟಕ್, ನಿಂತರು. ಯೋಚನೆಯಿಲ್ಲ, ಅನುಮಾನವಿಲ್ಲ. ಎಷ್ಟೋ ವರ್ಷ ಅದೇ ದಾರಿಯಲ್ಲಿ ಹೋಗಿ ಬಂದ ಜೋಡಿ ಅದು, ಕಟ್ಟಡ ಬೇರೆಯಾದರೇನು! ಆ ಆಟ ಡಿಪೋ ಟೀಮಿನದಾಯಿತು. ಕುರ್ಚಿಯ ಮೇಲೆ ಹತ್ತಿ ನಿಂತವರನ್ನು ಇಳಿಸುವಷ್ಟರಲ್ಲಿ ಯಜಮಾನರಿಗೆ ಸಾಕುಸಾಕಾಯಿತು.

ಮೂರನೆಯದರಲ್ಲಿ ಕಂಡಕ್ಟರೇ ಮೊದಲು ಗುಂಡು ತಿಂದು ಔಟಾದರು. ಆದರೆ ಔಟಾದವರಿಗೂ ಜೋಡಿಯವರ ಸುತ್ತಲಿನ ಸದ್ದು ಕೇಳುತ್ತದೆ. ಕಿವಿ ಇತ್ತು, ಹೆಬ್ಬೆರಳಿತ್ತು. ಎದುರಿಗೂ ಒಬ್ಬಳೇ ಉಳಿದಿದ್ದಳು. ಮಾವ ಮೆಟ್ಟಿಲ ಕೆಳಗೆ ನಿಂತಿದ್ದರು. ಪರದೆಯ ಗಡಿಯಾರದಲ್ಲಿ ಸಮಯ ಇಳಿಯುತ್ತಿತ್ತು. "ಹೋಗು ತಾತಾ!" ಎಂದು ಜನ ಕೂಗಿದರು. ಸೊಸೆಯೂ ಕೂಗಿದಳು. ಮಾವ ಕದಲಲಿಲ್ಲ. ಕಂಡಕ್ಟರ್ ಕಣ್ಣುಮುಚ್ಚಿ ಹುಡುಗಿಯ ಹೆಜ್ಜೆ ಆಲಿಸುತ್ತಿದ್ದರು. ಎಡಕ್ಕೆ ಬಂದಳು, ನಿಂತಳು, ಬೆನ್ನು ತಿರುಗಿಸಿದಳು.

ಟಕ್ ಟಕ್.

ಮಾವ ಹೊರಟರು. ಒಂದೇ ಗುಂಡು.

ಆಮೇಲಿನ ಗದ್ದಲದಲ್ಲಿ ಯಾರು ಯಾರನ್ನು ತಬ್ಬಿದರೋ ತಿಳಿಯಲಿಲ್ಲ. ಹುಡುಗಿಯರು ಬಂದು ಮಾವನ ಕೈಕುಲುಕಿದರು. ಮಾವ ಮಾತ್ರ ಹೆಡ್‌ಫೋನ್ ಹಾಕಿಕೊಂಡೇ, ಎರಡೂ ಕೈ ಮೇಜಿನ ಮೇಲಿಟ್ಟು ನೆಟ್ಟಗೆ ಕೂತಿದ್ದರು. ಸೊಸೆಗೆ ಮನೆಯ ಆ ಕುರ್ಚಿ ನೆನಪಾಯಿತು.

ಅವರ ಬಲಗಡೆಗೆ ಬಗ್ಗಿ ಹೇಳಿದಳು: "ಮಾವ, ಗೆದ್ದಾಯ್ತು. ಏಳಿ, ಮನೆಗೆ ಹೋಗೋಣ."

"ಹೇಗಮ್ಮ ಏಳೋದು?" ಎಂದರು ಮಾವ, ಮುಖ ಬಿಗಿದುಕೊಂಡು. "ಇನ್ನೂ ಡಬಲ್ ಬೆಲ್ ಆಗಿಲ್ವಲ್ಲ."

ಒಂದೇ ಶೂ ಹಾಕಿಕೊಂಡು ಬಾಗಿಲವರೆಗೆ ಹೋಗಿದ್ದ ಕಂಡಕ್ಟರ್ ಜನರನ್ನು ಸರಿಸುತ್ತಾ ವಾಪಸು ಬಂದರು. ಮೇಜಿನಡಿ ಬಗ್ಗಿ ಮೌಸನ್ನು ಹುಡುಕಿ, ಈ ಸಲ ಕೈಯಲ್ಲೇ ಹಿಡಿದು, ಎರಡು ಸಲ ಒತ್ತಿದರು.